ನಗರಗಳ ಜಿದ್ದು ಮತ್ತು ನದಿಯ ಲೆಕ್ಕ

1890ರ ಜೂನ್ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಏಳು ಮಂದಿ ಗಣತಿದಾರರನ್ನು ಫೆಡರಲ್ ಅಧಿಕಾರಿಯೊಬ್ಬರು ಬಂಧಿಸಿದರು. ಅವರ ಬಳಿಯಿದ್ದ ಗಣತಿಯ ಹಾಳೆಗಳನ್ನು ಚೀಲಗಳ ಸಮೇತ ವಶಪಡಿಸಿಕೊಂಡರು. ದೂರು ಹೋಗಿದ್ದು ಹತ್ತು ಮೈಲಿ ಆಚೆಗಿರುವ ಸೇಂಟ್ ಪಾಲ್ ನಗರದಿಂದ. ಮಿನಿಯಾಪೊಲಿಸ್‌ನವರು ಇಲ್ಲದ ಜನರನ್ನು ಹುಟ್ಟಿಸಿ ಬರೆಯುತ್ತಿದ್ದಾರೆ ಎಂಬುದು ಆರೋಪ. ಆರೋಪ ನಿಜವಾಗಿತ್ತು. ಸತ್ತವರ ಹೆಸರುಗಳು ಪಟ್ಟಿಯಲ್ಲಿದ್ದವು, ಕಟ್ಟಿಯೇ ಇರದ ಮನೆಗಳ ಲೆಕ್ಕದಲ್ಲಿ ಸಂಸಾರಗಳನ್ನು ದಾಖಲಿಸಲಾಗಿತ್ತು. ಆದರೆ ದೂರು ಕೊಟ್ಟವರ ಕೈಯೂ ಶುದ್ಧವಾಗಿರಲಿಲ್ಲ. ಸೇಂಟ್ ಪಾಲ್‌ನ ಹಾಳೆಗಳನ್ನು ತೆಗೆದು ನೋಡಿದಾಗ ರೈಲು ನಿಲ್ದಾಣವೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಮಂದಿ ಕಾಯಂ ವಾಸಿಗಳೆಂದು ಬರೆದಿರುವುದು ಕಂಡುಬಂತು.

ಎರಡೂ ನಗರಗಳಲ್ಲಿ ಮರುಗಣತಿ ನಡೆಯಿತು. ಮಿನಿಯಾಪೊಲಿಸ್‌ನ ಸಂಖ್ಯೆ 1,82,967ರಿಂದ 1,64,738ಕ್ಕೆ ಇಳಿಯಿತು. ಸೇಂಟ್ ಪಾಲ್‌ನದು 1,42,581ರಿಂದ 1,33,156ಕ್ಕೆ. ಸುಳ್ಳನ್ನೆಲ್ಲ ತೆಗೆದ ಮೇಲೂ ಇವು ಬೆರಗಾಗುವಂಥ ಸಂಖ್ಯೆಗಳೇ. ಹತ್ತು ವರ್ಷದ ಹಿಂದೆ, 1880ರಲ್ಲಿ, ಈ ಎರಡೂ ಊರುಗಳಲ್ಲಿ ತಲಾ ಐವತ್ತು ಸಾವಿರ ಜನರೂ ಇರಲಿಲ್ಲ. ಒಂದೇ ದಶಕದಲ್ಲಿ ಮೂರು ಪಟ್ಟು ಬೆಳೆದ ಊರುಗಳಿಗೆ ನಿಜವೇ ಸಾಕಷ್ಟು ದೊಡ್ಡದಾಗಿತ್ತು. ಆದರೂ ಸಾಲಲಿಲ್ಲ.

ನಗರಗಳ ಇತಿಹಾಸವನ್ನು ಓದುವ ಹುಚ್ಚು ನನಗೆ ಬಹಳ ಕಾಲದಿಂದ ಇದೆ. ಆ ಓದಿನಲ್ಲಿ ಮತ್ತೆ ಮತ್ತೆ ಎದುರಾಗುವುದು ಇಂಥದೇ ಪ್ರಸಂಗ. ಜಿದ್ದು ಹುಟ್ಟುವುದು ಬಡತನದಲ್ಲಿ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ನಗರಗಳ ವಿಷಯದಲ್ಲಿ ಅದು ತಿರುಗುಮುರುಗಾಗಿದೆ. ಪ್ರದೇಶವೊಂದು ರಭಸದಿಂದ ಬೆಳೆಯುತ್ತಿರುವಾಗಲೇ ಅಲ್ಲಿನ ಊರುಗಳು ಪರಸ್ಪರರ ಮೇಲೆ ಹಲ್ಲು ಕಡಿಯುತ್ತವೆ. ಯಾಕೆಂದರೆ ಆಗ ಯಾವುದೂ ತೀರ್ಮಾನವಾಗಿರುವುದಿಲ್ಲ. ರೈಲುಮಾರ್ಗದ ಕೊನೆಯ ನಿಲ್ದಾಣ ಎಲ್ಲಿಗೆ ಬರುತ್ತದೆ, ಧಾನ್ಯದ ಉಗ್ರಾಣಗಳು ಎಲ್ಲಿ ಏಳುತ್ತವೆ, ಬ್ಯಾಂಕುಗಳು ಎಲ್ಲಿ ಬಾಗಿಲು ತೆರೆಯುತ್ತವೆ ಎಂಬುದು ಇನ್ನೂ ತೂಗುತ್ತಿರುತ್ತದೆ. ಒಂದು ಊರಿಗೆ ಮೊದಲು ಮಾರುಕಟ್ಟೆ ಬಂದರೆ ಅದರ ಹಿಂದೆ ದಲ್ಲಾಳಿ ಬರುತ್ತಾನೆ, ದಲ್ಲಾಳಿಯ ಹಿಂದೆ ಸಾಲ ಕೊಡುವವನು, ಅವನ ಹಿಂದೆ ಕೆಲಸ ಹುಡುಕುವವನು. ಎರಡನೆಯದಾದ ಊರಿಗೆ ಅಷ್ಟರಲ್ಲಿ ಉಳಿಯುವುದು ಕಡಿಮೆ. ಹಾಗಾಗಿ ಈ ಮೇಲಾಟವನ್ನು ಬರೀ ಒಣಹೆಮ್ಮೆ ಎಂದು ತಳ್ಳಿಹಾಕುವವರ ಜೊತೆ ನಾನು ಒಪ್ಪುವುದಿಲ್ಲ. ಸೋತರೆ ನಿಜವಾಗಿಯೂ ಕಳೆದುಕೊಳ್ಳುವುದಿರುತ್ತದೆ.

ನನ್ನ ತಕರಾರು ಬೇರೆ. ಈ ಜಿದ್ದಿನಲ್ಲಿ ಎಣಿಕೆಗೆ ಬರುವ ಸಂಗತಿಗಳು ಯಾವುವು, ಬರದೆ ಉಳಿಯುವವು ಯಾವುವು ಎಂಬುದು. ಜನಸಂಖ್ಯೆ ಎಣಿಕೆಗೆ ಬರುತ್ತದೆ, ಕಟ್ಟಡದ ಎತ್ತರ ಬರುತ್ತದೆ, ಹೂಡಿಕೆ ಬರುತ್ತದೆ. ಆ ಜನ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅವರ ಮನೆಗಳ ಕೊಳಚೆ ಯಾರ ಅಂಗಳಕ್ಕೆ ಹೋಗುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ಗಾದೆ ಹೇಳುತ್ತದೆ. ಬೆಳೆದ ನಗರಗಳೂ ಒಂದಲ್ಲ ಒಂದು ದಿನ ನೀರಿಗೆ ಬಂದೇ ಬರುತ್ತವೆ, ಅಲ್ಲಿ ತಮ್ಮ ಎದುರಾಳಿಯನ್ನು ಕಾಣುತ್ತವೆ.

ಶಿಕಾಗೊ ಮತ್ತು ಸೇಂಟ್ ಲೂಯಿಸ್‌ನ ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಒಳನಾಡಿನ ದೊರೆಯೆಂದರೆ ಸೇಂಟ್ ಲೂಯಿಸ್. ಮಿಸಿಸಿಪ್ಪಿ ಮತ್ತು ಮಿಸೌರಿ ನದಿಗಳು ಕೂಡುವಲ್ಲಿ, ಉಗಿದೋಣಿಗಳ ವ್ಯಾಪಾರದ ನಡುಮಧ್ಯದಲ್ಲಿ ಕುಳಿತ ಊರು ಅದು. 1850ರಲ್ಲಿ ಅಲ್ಲಿ ಸುಮಾರು 78,000 ಜನ, ಸರೋವರದ ದಂಡೆಯ ಕೆಸರಿನಲ್ಲಿ ಏಳುತ್ತಿದ್ದ ಶಿಕಾಗೊದಲ್ಲಿ ಸುಮಾರು 30,000. ಸೇಂಟ್ ಲೂಯಿಸ್ ನದಿಯನ್ನು ನಂಬಿತು, ಶಿಕಾಗೊ ರೈಲನ್ನು ನಂಬಿತು. 1856ರಲ್ಲಿ ರಾಕ್ ಐಲೆಂಡ್ ಬಳಿ ಮಿಸಿಸಿಪ್ಪಿಯ ಮೇಲೆ ಮೊದಲ ರೈಲು ಸೇತುವೆ ಬಂತು. ಕೆಲವೇ ದಿನಗಳಲ್ಲಿ ಎಫಿ ಆಫ್ಟನ್ ಎಂಬ ಉಗಿದೋಣಿ ಅದಕ್ಕೆ ಡಿಕ್ಕಿ ಹೊಡೆದು ಸುಟ್ಟುಹೋಯಿತು. ಸೇತುವೆ ನದಿಯ ದಾರಿಗೆ ಅಡ್ಡ ಎಂದು ದೋಣಿಯ ಮಾಲೀಕರು ಮೊಕದ್ದಮೆ ಹೂಡಿದರು. ಸೇತುವೆಯ ಕಂಪನಿಯ ಪರವಾಗಿ ವಾದಿಸಿದವರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ತೀರ್ಪುಗಾರರ ಮಂಡಳಿಗೆ ಒಮ್ಮತ ಬರಲಿಲ್ಲ, ಸೇತುವೆ ಉಳಿಯಿತು, ಧಾನ್ಯದ ಗಾಡಿಗಳು ಶಿಕಾಗೊದ ಕಡೆ ಓಡತೊಡಗಿದವು. ಸೇಂಟ್ ಲೂಯಿಸ್‌ಗೆ ತನ್ನದೇ ಸೇತುವೆ ಬರಲು 1874ರವರೆಗೆ ಕಾಯಬೇಕಾಯಿತು. ಜೇಮ್ಸ್ ಈಡ್ಸ್ ಕಟ್ಟಿದ ಆ ಉಕ್ಕಿನ ಕಮಾನುಗಳು ಇಂದಿಗೂ ನಿಂತಿವೆ. ಅಷ್ಟು ಚೆಲುವಾದ ಸೇತುವೆ ಅಷ್ಟು ತಡವಾಗಿ ಬಂದದ್ದಕ್ಕೆ ನನಗೆ ಈಗಲೂ ಮರುಕವಾಗುತ್ತದೆ.

1870ರ ಗಣತಿಯಲ್ಲಿ ಸೇಂಟ್ ಲೂಯಿಸ್ 3,10,864 ಜನರನ್ನು ತೋರಿಸಿತು, ಶಿಕಾಗೊ 2,98,977. ಸೇಂಟ್ ಲೂಯಿಸ್‌ನ ಆ ಸಂಖ್ಯೆಯನ್ನು ಇತಿಹಾಸಕಾರರು ಇಂದು ನಂಬುವುದಿಲ್ಲ. ಶಿಕಾಗೊವನ್ನು ಮೀರಿಸಲೆಂದು ಉಬ್ಬಿಸಿದ್ದು ಅದು ಎಂಬುದೇ ಹೆಚ್ಚಿನವರ ಅಭಿಪ್ರಾಯ. ಹತ್ತು ವರ್ಷ ಕಳೆದ ಮೇಲೆ ಉಬ್ಬಿಸಲು ಏನೂ ಉಳಿದಿರಲಿಲ್ಲ. 1880ರಲ್ಲಿ ಶಿಕಾಗೊ ಐದು ಲಕ್ಷ ದಾಟಿತ್ತು, ಸೇಂಟ್ ಲೂಯಿಸ್ ಮೂರೂವರೆ ಲಕ್ಷದಲ್ಲಿತ್ತು. ಸುಳ್ಳು ಸಂಖ್ಯೆಯ ಮೇಲೆ ಕಟ್ಟಿದ ನಂಬಿಕೆ ಎಷ್ಟು ಕೆಟ್ಟ ನಿರ್ಧಾರಗಳಿಗೆ ದಾರಿಯಾಗುತ್ತದೆ ಎನ್ನುವುದಕ್ಕೆ ಈ ನಡುವೆ ನಡೆದ ಇನ್ನೊಂದು ಸಂಗತಿಯನ್ನು ನೋಡಬೇಕು. 1876ರಲ್ಲಿ ಸೇಂಟ್ ಲೂಯಿಸ್ ನಗರ ತನ್ನ ಸುತ್ತಲಿನ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಿಂದ, ಬೇರೆಯಾಯಿತು. ಸಿರಿವಂತ ನಗರದ ತೆರಿಗೆ ಹಣವನ್ನು ಸುತ್ತಲಿನ ಹಳ್ಳಿಗಾಡಿಗೆ ಯಾಕೆ ಸುರಿಯಬೇಕು ಎಂಬ ವಾದ ಗೆದ್ದಿತು. ಗಡಿ ಅಂದಿಗೇ ಗಟ್ಟಿಯಾಯಿತು. ಅದರಾಚೆಗೆ ಒಂದು ಅಡಿಯನ್ನೂ ಸೇರಿಸಿಕೊಳ್ಳಲು ಮುಂದೆ ನಗರಕ್ಕೆ ಆಗಲಿಲ್ಲ. ಜನ ಮತ್ತು ಉದ್ಯಮ ಗಡಿ ದಾಟಿ ಕೌಂಟಿಗೆ ಹೋದವು. 1950ರಲ್ಲಿ 8,56,796 ಜನರಿದ್ದ ನಗರದಲ್ಲಿ 2020ರ ಗಣತಿಯ ವೇಳೆಗೆ ಉಳಿದವರು ಮೂರು ಲಕ್ಷದಷ್ಟು. ಪ್ರದೇಶ ಬತ್ತಲಿಲ್ಲ, ಸುತ್ತಮುತ್ತಲ ಊರುಗಳಲ್ಲಿ ಹಲವು ಪಟ್ಟು ಜನರಿದ್ದಾರೆ. ಆದರೆ ಅವರ ಮನೆಗಳ ಆಸ್ತಿ ತೆರಿಗೆ ನಗರದ ಶಾಲೆಗೆ, ರಸ್ತೆಗೆ, ಬೀದಿದೀಪಕ್ಕೆ ಬರುವುದಿಲ್ಲ.

ಶಿಕಾಗೊ ಮಾಡಿದ್ದು ಇದಕ್ಕೆ ತದ್ವಿರುದ್ಧ. 1889ರಲ್ಲಿ ಹೈಡ್ ಪಾರ್ಕ್, ಲೇಕ್ ವ್ಯೂ ಮೊದಲಾದ ನೆರೆಯ ಪುರಸಭೆಗಳನ್ನು ಒಂದೇ ಏಟಿಗೆ ತನ್ನೊಳಗೆ ಸೇರಿಸಿಕೊಂಡಿತು. ಮರುವರ್ಷದ ಗಣತಿಯಲ್ಲಿ ಹತ್ತು ಲಕ್ಷ ದಾಟಿತು. ಆದರೆ ಗೆದ್ದ ಈ ನಗರ ತನ್ನ ಕೊಳಚೆಯನ್ನು ಶಿಕಾಗೊ ನದಿಗೆ ಬಿಡುತ್ತಿತ್ತು, ನದಿ ಮಿಷಿಗನ್ ಸರೋವರಕ್ಕೆ ಸೇರುತ್ತಿತ್ತು, ಕುಡಿಯುವ ನೀರು ಅದೇ ಸರೋವರದಿಂದ ಬರುತ್ತಿತ್ತು. 1891ರ ಒಂದೇ ವರ್ಷದಲ್ಲಿ ವಿಷಮಶೀತಜ್ವರಕ್ಕೆ ಸುಮಾರು ಎರಡು ಸಾವಿರ ಮಂದಿ ಬಲಿಯಾದರು. ದೇಶದೇಶಗಳ ವಸ್ತುಪ್ರದರ್ಶನವಾದ ಜಾಗತಿಕ ಮೇಳವನ್ನು ನಡೆಸುವ ಅವಕಾಶವನ್ನು ನ್ಯೂಯಾರ್ಕ್‌ನಿಂದ ಕಸಿದುಕೊಂಡ ಸಂಭ್ರಮದಲ್ಲಿ ನಗರ ಮುಳುಗಿದ್ದ ಕಾಲ ಅದು. ಆ ಎರಡು ಸಾವಿರ ಜನರ ಹೆಸರು ಯಾವ ಮೇಳದ ಪುಸ್ತಿಕೆಯಲ್ಲೂ ಇರಲು ಸಾಧ್ಯವಿರಲಿಲ್ಲ, ಆದರೆ ಶಿಕಾಗೊದ ಬೆಳವಣಿಗೆಯ ಕಥೆ ಹೇಳುವಾಗ ಅವರನ್ನು ಬಿಟ್ಟು ಹೇಳುವುದು ಅನ್ಯಾಯ ಎಂದು ನನಗೆ ಅನಿಸುತ್ತದೆ.

ಪರಿಹಾರವಾಗಿ ಎಂಜಿನಿಯರುಗಳು ನದಿಯನ್ನೇ ಹಿಂದಕ್ಕೆ ತಿರುಗಿಸಿದರು. 28 ಮೈಲಿ ಉದ್ದದ ಕಾಲುವೆ ತೋಡಿ, ಸರೋವರದ ಕಡೆ ಹರಿಯುತ್ತಿದ್ದ ನೀರನ್ನು ಇಲಿನಾಯ್ ನದಿಯ ಕಡೆಗೆ, ಅಲ್ಲಿಂದ ಮಿಸಿಸಿಪ್ಪಿಗೆ ಹರಿಸಿದರು. ಮಿಸಿಸಿಪ್ಪಿಯ ಕೆಳದಂಡೆಯಲ್ಲಿ ಇದ್ದದ್ದು ಸೇಂಟ್ ಲೂಯಿಸ್. ಅದರ ಕುಡಿಯುವ ನೀರೂ ಅದೇ ನದಿಯದು. ಆ ನಗರದವರು ನ್ಯಾಯಾಲಯದಿಂದ ತಡೆಯಾಜ್ಞೆ ತರಲು ಓಡಾಡುತ್ತಿದ್ದಾರೆ ಎಂದು ತಿಳಿದು ಶಿಕಾಗೊದ ಕಾಲುವೆ ಮಂಡಳಿಯವರು 1900ರ ಜನವರಿ 2ರ ಬೆಳಗ್ಗೆ, ಸಮಾರಂಭವಿಲ್ಲದೆ, ಅವಸರದಲ್ಲಿ ಕೊನೆಯ ಮಣ್ಣಿನ ತಡೆಯನ್ನು ಒಡೆದು ನೀರು ಬಿಟ್ಟರು. ಅದೇ ತಿಂಗಳು ಸೇಂಟ್ ಲೂಯಿಸ್ ಇರುವ ಮಿಸೌರಿ ರಾಜ್ಯವು ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು.

ಮೊಕದ್ದಮೆ ಆರು ವರ್ಷ ನಡೆಯಿತು. ಕಾಲುವೆಗೆ ಬಿಟ್ಟ ಬ್ಯಾಕ್ಟೀರಿಯಾ 350 ಮೈಲಿಗೂ ಹೆಚ್ಚು ದೂರ ಹರಿದು ಸೇಂಟ್ ಲೂಯಿಸ್ ತಲುಪುವವರೆಗೆ ಬದುಕಿರುತ್ತದೆಯೇ ಎಂದು ತಿಳಿಯಲು ಅಪಾಯವಿಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಪೀಪಾಯಿಗಟ್ಟಲೆ ನೀರಿಗೆ ಸುರಿದು ಪರೀಕ್ಷೆ ಮಾಡಿದರು. ಎರಡೂ ಕಡೆಯ ತಜ್ಞರು ಒಂದೇ ನೀರನ್ನು ನೋಡಿ ಬೇರೆ ಬೇರೆ ಸಾಕ್ಷ್ಯ ಹೇಳಿದರು. 1906ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್, ಹಾನಿ ಸಾಬೀತಾಗಿಲ್ಲ ಎಂದು ಮಿಸೌರಿಯ ಅರ್ಜಿಯನ್ನು ತಳ್ಳಿಹಾಕಿದರು. ಮಿಸೌರಿಯದೇ ಊರುಗಳು ಅದೇ ನದಿಗಳಿಗೆ ಕೊಳಚೆ ಬಿಡುತ್ತಿರುವುದನ್ನೂ ಅವರು ಎತ್ತಿ ತೋರಿಸಿದರು. ಸೇಂಟ್ ಲೂಯಿಸ್‌ನ ಜನರನ್ನು ನಿಜವಾಗಿ ಕಾಪಾಡಿದ್ದು ಬೇರೆಯೇ ಕೆಲಸ. 1904ರಲ್ಲಿ ಅಲ್ಲೂ ಜಾಗತಿಕ ಮೇಳ ನಡೆಯುವುದಿತ್ತು. ಅತಿಥಿಗಳ ಮುಂದೆ ಕಂದುಬಣ್ಣದ ನೀರಿಡಲು ಮನಸ್ಸಾಗದೆ ನಗರ ತನ್ನ ಜಲಾಗಾರದಲ್ಲಿ ಸುಣ್ಣ ಮತ್ತು ಕಬ್ಬಿಣದ ಸಲ್ಫೇಟ್ ಬಳಸಿ ನೀರನ್ನು ತಿಳಿಗೊಳಿಸುವ ಏರ್ಪಾಟು ಮಾಡಿಕೊಂಡಿತು. ಜಿದ್ದು ಮಾಡಿಸಿದ ಒಳ್ಳೆಯ ಕೆಲಸ ಎಂದು ಇದನ್ನು ಜಿದ್ದಿನ ಖಾತೆಗೂ ಬರೆಯಬೇಕು, ಅಷ್ಟು ಪ್ರಾಮಾಣಿಕತೆ ನನಗಿರಬೇಕು.

ಆ ಖಾತೆಯಲ್ಲಿ ಇನ್ನೂ ದೊಡ್ಡ ಜಮೆಗಳಿವೆ. ಲಿವರ್‌ಪೂಲ್ ಬಂದರಿನ ಸುಂಕ ಮತ್ತು ರೈಲು ಬಾಡಿಗೆಯ ಭಾರಕ್ಕೆ ಬೇಸತ್ತ ಮ್ಯಾಂಚೆಸ್ಟರ್‌ನ ಹತ್ತಿ ವ್ಯಾಪಾರಿಗಳು, ಸಮುದ್ರವನ್ನೇ ತಮ್ಮೂರಿಗೆ ತರುತ್ತೇವೆಂದು ಹೊರಟರು. ಲಿವರ್‌ಪೂಲ್ ಸಂಸತ್ತಿನಲ್ಲಿ ಎರಡು ಬಾರಿ ಮಸೂದೆಗೆ ಕಲ್ಲು ಹಾಕಿತು. ಮೂರನೆಯ ಸಲ, 1885ರಲ್ಲಿ, ಅನುಮತಿ ಸಿಕ್ಕಿತು. 36 ಮೈಲಿಯ ಕಾಲುವೆ 1894ರ ಜನವರಿ 1ರಂದು ಹಡಗುಗಳಿಗೆ ತೆರೆಯಿತು. ಮಧ್ಯದಲ್ಲಿ ಹಣ ಮುಗಿದು ನಗರಪಾಲಿಕೆ 50 ಲಕ್ಷ ಪೌಂಡ್ ಸಾಲ ಕೊಟ್ಟು ಕೆಲಸ ಮುಂದುವರಿಸಬೇಕಾಯಿತು. ಸಮುದ್ರವಿಲ್ಲದ ಊರು ಬ್ರಿಟನ್ನಿನ ದೊಡ್ಡ ಬಂದರುಗಳಲ್ಲಿ ಒಂದಾಯಿತು. ಪಕ್ಕದ ಟ್ರಾಫರ್ಡ್ ಪಾರ್ಕ್‌ನಲ್ಲಿ ಜಗತ್ತಿನ ಮೊದಲ ಯೋಜಿತ ಕೈಗಾರಿಕಾ ವಸಾಹತು ಎದ್ದಿತು. ಕಂಟೇನರ್ ಹಡಗುಗಳು ಕಾಲುವೆಗೆ ಹಿಡಿಸದಷ್ಟು ದೊಡ್ಡದಾದ ಮೇಲೆ 1982ರಲ್ಲಿ ಬಂದರು ಮುಚ್ಚಿತು. ಸುಮಾರು ತೊಂಬತ್ತು ವರ್ಷ ಸಾವಿರಾರು ಮನೆಗಳ ಒಲೆ ಉರಿಸಿದ ಕೆಲಸವನ್ನು ವ್ಯರ್ಥ ಎನ್ನಲು ನನಗೆ ನಾಲಗೆ ಬರುವುದಿಲ್ಲ. ಆ ಬಂದರಿನ ಮುಖ್ಯ ಹಡಗುಕಟ್ಟೆಗಳಿದ್ದದ್ದು ಮ್ಯಾಂಚೆಸ್ಟರ್‌ನಲ್ಲಲ್ಲ, ನೆರೆಯ ಸಾಲ್ಫರ್ಡ್‌ನಲ್ಲಿ. ಹೆಸರು ಮಾತ್ರ ಮ್ಯಾಂಚೆಸ್ಟರ್‌ದು.

ಶಿಕಾಗೊದ ಬೆಳವಣಿಗೆ ನ್ಯೂಯಾರ್ಕ್‌ನ ನಿದ್ದೆಯನ್ನೂ ಕೆಡಿಸಿತ್ತು. ದೇಶದ ಮೊದಲ ನಗರವೆಂಬ ಪಟ್ಟ ಕೈತಪ್ಪೀತು ಎಂಬ ಭಯ, ನದಿಯ ಆಚೆಗಿನ ಬ್ರೂಕ್ಲಿನ್‌ನೊಂದಿಗೆ ಒಂದಾಗಲು ಕೊಟ್ಟ ಕಾರಣಗಳಲ್ಲಿ ಒಂದು. ಆಗ ಬ್ರೂಕ್ಲಿನ್ ಸ್ವತಂತ್ರ ನಗರ, ತನ್ನದೇ ಅಭಿಮಾನವುಳ್ಳದ್ದು. 1894ರ ಮತದಾನದಲ್ಲಿ ಅಲ್ಲಿ ವಿಲೀನದ ಪರ ಬಂದ ಬಹುಮತ ಕೇವಲ 277. ಆ ಬಹುಮತದ ಹಿಂದೆ ಇದ್ದ ದೊಡ್ಡ ಒತ್ತಡಗಳಲ್ಲಿ ಒಂದು ನೀರು. ಬ್ರೂಕ್ಲಿನ್‌ಗೆ ಇದ್ದ ಕೆರೆ ಬಾವಿಗಳು ಸಾಲದಾಗುತ್ತಿದ್ದವು, ನ್ಯೂಯಾರ್ಕ್‌ಗೆ ದೂರದ ಬೆಟ್ಟಗಳಿಂದ ನೀರು ತರುವ ಶಕ್ತಿಯಿತ್ತು. 1898ರ ಜನವರಿ 1ರಂದು ಇಬ್ಬರೂ ಒಂದಾದರು. ಒಂದಾದ ಮಹಾನಗರಕ್ಕೆ ಇನ್ನಷ್ಟು ನೀರು ಬೇಕಾಯಿತು. ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಅಶೋಕನ್ ಜಲಾಶಯ ಕಟ್ಟಿ, ಹಲವು ಹಳ್ಳಿಗಳನ್ನು ಮುಳುಗಿಸಿ, ಸುಮಾರು ಎರಡು ಸಾವಿರ ಜನರನ್ನು ಎಬ್ಬಿಸಿದರು. ಸ್ಮಶಾನಗಳನ್ನು ಅಗೆದು ಗೋರಿಗಳನ್ನೂ ಸಾಗಿಸಿದರು. ಶಿಕಾಗೊದ ಜೊತೆ ನ್ಯೂಯಾರ್ಕ್ ನಡೆಸಿದ ಸ್ಪರ್ಧೆಯಲ್ಲಿ ಆ ಹಳ್ಳಿಗಳಿಗೆ ಯಾವ ಪಾತ್ರವೂ ಇರಲಿಲ್ಲ.

ಇಲ್ಲಿಗೆ ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ಎರಡು ನಗರಗಳು ಸೆಣಸುವಾಗ ನಾವು ಗೆದ್ದವನನ್ನೂ ಸೋತವನನ್ನೂ ಆ ಎರಡರಲ್ಲೇ ಹುಡುಕುತ್ತೇವೆ. ದಂಡ ತೆತ್ತವನು ಅನೇಕ ಸಲ ಮೂರನೆಯವನು, ಹೊಳೆಯ ಮೇಲ್ದಂಡೆಯಲ್ಲೋ ಕೆಳದಂಡೆಯಲ್ಲೋ ಇರುವವನು.

ಚೀನಾದ ಪರ್ಲ್ ನದಿಯ ಮುಖಜಭೂಮಿಯಲ್ಲಿ ಇದು ನಮ್ಮ ಕಣ್ಣೆದುರೇ ನಡೆದಿದೆ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದಾಗ ಶೆನ್‌ಜೆನ್‌ನ ಜನಸಂಖ್ಯೆ ಮೂರು ಲಕ್ಷದ ಆಸುಪಾಸು. 2020ರ ಗಣತಿಯಲ್ಲಿ ಒಂದು ಕೋಟಿ 75 ಲಕ್ಷ. ಒಂದು ಮಗ್ಗುಲಲ್ಲಿ ಹಾಂಗ್‌ಕಾಂಗ್, ಇನ್ನೊಂದು ಮಗ್ಗುಲಲ್ಲಿ ಗುವಾಂಗ್‌ಜೌ, ನದಿಯ ಬಾಯಿಯಾಚೆ ಜುಹಾಯ್ ಮತ್ತು ಮಕಾವ್. ಸ್ಥಳೀಯ ಅಧಿಕಾರಿಗಳ ಬಡ್ತಿ ಬಹುಕಾಲ ಅವರ ಊರಿನ ಆರ್ಥಿಕ ಬೆಳವಣಿಗೆಯ ದರವನ್ನು ನೋಡಿಕೊಂಡೇ ನಿರ್ಧಾರವಾಗುತ್ತಿತ್ತು ಎಂದು ಅರ್ಥಶಾಸ್ತ್ರಜ್ಞರು ಬರೆದಿದ್ದಾರೆ. ನೆರೆಯೂರಿಗೆ ವಿಮಾನ ನಿಲ್ದಾಣವಿದ್ದರೆ ನಮಗೂ ಬೇಕು, ಅವರಿಗೆ ಬಂದರಿದ್ದರೆ ನಮಗೂ ಬೇಕು. ಜುಹಾಯ್ 1995ರಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ನಿಭಾಯಿಸುವ ವಿಮಾನ ನಿಲ್ದಾಣ ಕಟ್ಟಿತು. ಅನೇಕ ವರ್ಷ ಅಲ್ಲಿಗೆ ಹತ್ತು ಲಕ್ಷ ಜನರೂ ಬರಲಿಲ್ಲ. 2006ರಲ್ಲಿ ಅದರ ನಿರ್ವಹಣೆಗೆ ಹಾಂಗ್‌ಕಾಂಗ್‌ನ ವಿಮಾನ ನಿಲ್ದಾಣ ಪ್ರಾಧಿಕಾರದೊಂದಿಗೆ ಪಾಲುದಾರಿಕೆ ಮಾಡಿಕೊಂಡಿತು. ಹಾಂಗ್‌ಕಾಂಗ್, ಜುಹಾಯ್, ಮಕಾವ್‌ಗಳನ್ನು ಜೋಡಿಸುವ 55 ಕಿಲೋಮೀಟರಿನ ಸೇತುವೆ ಮಾರ್ಗ 2018ರಲ್ಲಿ ತೆರೆಯಿತು, ಶೆನ್‌ಜೆನ್‌ಗೆ ಅದರಲ್ಲಿ ಕವಲು ಸಿಗಲಿಲ್ಲ. 2024ರ ಜೂನ್ ಕೊನೆಯಲ್ಲಿ ಶೆನ್‌ಜೆನ್‌ನಿಂದ ಜೋಂಗ್‌ಶಾನ್‌ಗೆ ಬೇರೆಯದೇ ಸೇತುವೆ ಮತ್ತು ಸುರಂಗದ ದಾರಿ ಬಂತು.

ಮೇಲಿನ ಈ ಓಟಕ್ಕೆಲ್ಲ ನೀರು ಕೊಡುವುದು ಬಹುಮಟ್ಟಿಗೆ ಡಾಂಗ್‌ಜಿಯಾಂಗ್ ಎಂಬ ನದಿ. 1965ರಿಂದ ಹಾಂಗ್‌ಕಾಂಗ್ ಅದರಿಂದ ನೀರು ಕೊಳ್ಳುತ್ತಿದೆ, ಅದರ ಸಿಹಿನೀರಿನ ಮುಕ್ಕಾಲು ಭಾಗದಷ್ಟು ಅಲ್ಲಿಂದಲೇ ಬರುತ್ತದೆ. ಶೆನ್‌ಜೆನ್, ಡಾಂಗ್‌ಗುವಾನ್ ನಗರಗಳೂ ಅದನ್ನೇ ನೆಚ್ಚಿವೆ. ನದಿಯ ಮೇಲ್ಭಾಗದಲ್ಲಿ ಹೆಯುವಾನ್ ಎಂಬ ಊರಿದೆ. ಐವತ್ತರ ದಶಕದ ಕೊನೆಯಲ್ಲಿ ಅಲ್ಲಿ ದೊಡ್ಡ ಜಲಾಶಯ ಕಟ್ಟುವಾಗ ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟರು. ಕೆಳಗಿನ ನಗರಗಳ ಕುಡಿಯುವ ನೀರು ಕೆಡಬಾರದೆಂದು ಅಲ್ಲಿ ಎಷ್ಟೋ ಕಾರ್ಖಾನೆಗಳಿಗೆ ಅನುಮತಿ ನಿರಾಕರಿಸಲಾಯಿತು. ಕೆಳಗಿನವರು ಕೋಟಿ ಕೋಟಿ ಗಳಿಸಿದ ದಶಕಗಳಲ್ಲಿ ಹೆಯುವಾನ್ ಹಿಂದೆಯೇ ಉಳಿಯಿತು. ಜಗತ್ತಿನ ಅತಿ ವೇಗದ ಬೆಳವಣಿಗೆಯ ಪಕ್ಕದಲ್ಲೇ, ಅದಕ್ಕೆ ನೀರೂಡಿಸಿಯೂ ಬಡವಾಗಿ ಉಳಿದ ಆ ಊರಿನ ಬಗ್ಗೆ ಎಷ್ಟು ಕಡಿಮೆ ಬರೆಯಲಾಗಿದೆ ಎಂದು ನೆನೆದರೆ ನನಗೆ ಸಿಟ್ಟು ಬರುತ್ತದೆ. 2024ರ ಜನವರಿಯಿಂದ ಪಶ್ಚಿಮದ ಇನ್ನೊಂದು ನದಿಯಿಂದ 113 ಕಿಲೋಮೀಟರು ಉದ್ದದ ಕೊಳವೆ ಮತ್ತು ಸುರಂಗದ ಮೂಲಕ ಶೆನ್‌ಜೆನ್, ಡಾಂಗ್‌ಗುವಾನ್, ಗುವಾಂಗ್‌ಜೌಗಳಿಗೆ ನೀರು ಬರುತ್ತಿದೆ. ಎದುರಾಳಿಗಳಾಗಿದ್ದ ಮೂರು ನಗರಗಳು ಒಂದೇ ಕೊಳವೆಯಿಂದ ಕುಡಿಯುತ್ತಿವೆ.

ಹಾಗಾದರೆ ಜಿದ್ದಿಗೆ ಮದ್ದೇನು? ವಿಲೀನವೇ ಮದ್ದು ಎಂದು ನಾನು ನಂಬುವುದಿಲ್ಲ. ಮೇಲಿನ ಸರ್ಕಾರ ಕೈಹಿಡಿದು ಕೂರಿಸುವುದರಿಂದ ಕೆಲವೊಮ್ಮೆ ಕೆಲಸವಾಗುತ್ತದೆ. ಟೆಕ್ಸಾಸ್‌ನ ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಗರಗಳು ವಿಮಾನ ನಿಲ್ದಾಣಕ್ಕಾಗಿ ದಶಕಗಟ್ಟಲೆ ಕಚ್ಚಾಡಿದವು. ನಲವತ್ತರ ದಶಕದಲ್ಲೇ ಇಬ್ಬರಿಗೂ ಸೇರಿದ ನಿಲ್ದಾಣದ ಮಾತು ಎದ್ದಿತ್ತು, ಟರ್ಮಿನಲ್ ಕಟ್ಟಡ ಯಾವ ಊರಿನ ಕಡೆಗಿರಬೇಕು ಎಂಬ ಜಗಳದಲ್ಲಿ ಅದು ಮುರಿಯಿತು. 1953ರಲ್ಲಿ ಫೋರ್ಟ್ ವರ್ತ್ ತನ್ನದೇ ದೊಡ್ಡ ನಿಲ್ದಾಣ ಕಟ್ಟಿತು, ಪ್ರಯಾಣಿಕರು ಡಲ್ಲಾಸ್‌ನ ಹಳೆಯ ನಿಲ್ದಾಣವನ್ನು ಬಿಡಲಿಲ್ಲ. 1964ರಲ್ಲಿ ಕೇಂದ್ರದ ವಿಮಾನಯಾನ ಮಂಡಳಿ 180 ದಿನಗಳ ಗಡುವು ಕೊಟ್ಟು, ಒಂದು ಜಾಗವನ್ನು ನೀವೇ ಆರಿಸಿ, ಇಲ್ಲವಾದರೆ ನಾವು ಆರಿಸುತ್ತೇವೆ ಎಂದಿತು. 1974ರ ಜನವರಿಯಲ್ಲಿ ಎರಡೂ ಊರುಗಳ ನಡುವೆ, ಮ್ಯಾನ್‌ಹಟನ್ ದ್ವೀಪಕ್ಕಿಂತ ದೊಡ್ಡ ಜಾಗದಲ್ಲಿ, ನಿಲ್ದಾಣ ತೆರೆಯಿತು. ಇಂದು ಆ ಮಹಾನಗರ ಪ್ರದೇಶದ ಜನಸಂಖ್ಯೆ 80 ಲಕ್ಷ ದಾಟಿದೆ.

ಗದರಿಸುವವರು ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಕಾನ್ಸಸ್ ಸಿಟಿಯಲ್ಲಿ ನೋಡಬಹುದು. ಒಂದೇ ಮಹಾನಗರದ ನಡುವೆ ಎರಡು ರಾಜ್ಯಗಳ ಗಡಿ ಹಾದುಹೋಗುತ್ತದೆ, ಒಂದು ರಸ್ತೆಯೇ ಆ ಗಡಿ. ಕಚೇರಿಯನ್ನು ರಸ್ತೆಯ ಆಚೆಗೆ ಸಾಗಿಸಿದರೆ ತೆರಿಗೆ ವಿನಾಯಿತಿ ಕೊಡುತ್ತೇವೆ ಎಂದು ಎರಡೂ ರಾಜ್ಯಗಳು ವರ್ಷಗಟ್ಟಲೆ ಕಂಪನಿಗಳನ್ನು ಕರೆದವು. ನೌಕರರು ಅವರೇ, ಅವರ ಮನೆಗಳೂ ಅಲ್ಲೇ, ಬದಲಾದದ್ದು ಕಚೇರಿಯ ವಿಳಾಸ ಮಾತ್ರ. 2019ರಲ್ಲಿ ಎರಡೂ ಕಡೆಯವರು ಕದನವಿರಾಮಕ್ಕೆ ಒಪ್ಪಿದರು. ಅದಕ್ಕೆ ಎರಡು ವರ್ಷ ಮೊದಲು ಅಮೆಜಾನ್ ತನ್ನ ಎರಡನೆಯ ಮುಖ್ಯ ಕಚೇರಿಗೆ ಜಾಗ ಹುಡುಕುತ್ತಿದ್ದೇನೆ ಎಂದಾಗ ಉತ್ತರ ಅಮೆರಿಕದ ನಗರಗಳಿಂದಲೂ ಪ್ರದೇಶಗಳಿಂದಲೂ 238 ಪ್ರಸ್ತಾವಗಳು ಬಂದವು. ಅಷ್ಟು ಊರುಗಳು ತಮ್ಮ ಜನರ ತೆರಿಗೆಯನ್ನು ಬಿಟ್ಟುಕೊಡಲು ಸಾಲಾಗಿ ನಿಂತದ್ದನ್ನು ಸ್ಪರ್ಧೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಿನೆಸೋಟದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಹಿಡಿದ ದಾರಿ ಇದಕ್ಕಿಂತ ಎಷ್ಟೋ ಮೇಲು. ಅವೂ ಸುಲಭಕ್ಕೆ ಬುದ್ಧಿ ಕಲಿಯಲಿಲ್ಲ. ಬೇಸ್‌ಬಾಲ್ ತಂಡವೊಂದನ್ನು ಕರೆತರುವ ಆಸೆಯಿಂದ 1956ರಲ್ಲಿ ಮಿನಿಯಾಪೊಲಿಸ್‌ನವರು ಬ್ಲೂಮಿಂಗ್‌ಟನ್ ಎಂಬ ಉಪನಗರದಲ್ಲಿ ಕ್ರೀಡಾಂಗಣ ಎಬ್ಬಿಸಿದರೆ, ಮರುವರ್ಷವೇ ಸೇಂಟ್ ಪಾಲ್ ತನ್ನದೊಂದನ್ನು ತೆರೆಯಿತು. 1961ರಲ್ಲಿ ತಂಡ ಬಂದಾಗ ಅದಕ್ಕೆ ಯಾವ ನಗರದ ಹೆಸರನ್ನೂ ಇಡದೆ ರಾಜ್ಯದ ಹೆಸರಿಟ್ಟರು. ಆದರೆ ಅವರನ್ನು ಗಂಭೀರವಾಗಿ ಒಂದು ಮೇಜಿಗೆ ತಂದದ್ದು ಆಟವಲ್ಲ, ಕೊಳಚೆ. ಉಪನಗರಗಳು ಒಳಚರಂಡಿಯಿಲ್ಲದೆ ಹಬ್ಬಿದ್ದವು. ಮನೆಮನೆಯ ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕದಲ್ಲೇ ಮಲಗುಂಡಿ. 1959ರಲ್ಲಿ ಆರೋಗ್ಯ ಇಲಾಖೆ ಪರೀಕ್ಷಿಸಿದಾಗ ಉಪನಗರಗಳ ಬಾವಿಗಳಲ್ಲಿ ಅರ್ಧದಷ್ಟು ಕೆಟ್ಟಿರುವುದು ತಿಳಿಯಿತು. ಯಾವ ಪುರಸಭೆಯೂ ಒಬ್ಬಂಟಿಯಾಗಿ ಪರಿಹರಿಸಲಾಗದ ಸಮಸ್ಯೆ ಅದು. ವರ್ಷಗಟ್ಟಲೆ ಚರ್ಚೆಯಾಗಿ 1967ರಲ್ಲಿ ಏಳು ಕೌಂಟಿಗಳಿಗೆ ಸೇರಿದ ಮಹಾನಗರ ಪರಿಷತ್ತು ಹುಟ್ಟಿತು.

ಅದಕ್ಕಿಂತ ಧೈರ್ಯದ ಹೆಜ್ಜೆ 1971ರ ತೆರಿಗೆ ಹಂಚಿಕೆಯ ಕಾಯ್ದೆ. ಆ ವರ್ಷದ ನಂತರ ಯಾವುದೇ ಊರಿನಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಆಸ್ತಿಯ ತೆರಿಗೆ ಮೌಲ್ಯ ಎಷ್ಟು ಬೆಳೆಯುತ್ತದೆಯೋ ಅದರ ನೂರಕ್ಕೆ 40 ಭಾಗ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಅಲ್ಲಿಂದ ಜನಸಂಖ್ಯೆಯನ್ನೂ ಊರಿನ ಆರ್ಥಿಕ ಬಲವನ್ನೂ ನೋಡಿ ಎಲ್ಲರಿಗೂ ಹಂಚಿಕೆಯಾಗುತ್ತದೆ. ಪಕ್ಕದೂರಿಗೆ ಕಾರ್ಖಾನೆ ಬಂದರೂ ನಮಗೆ ಅದರಲ್ಲಿ ಪಾಲಿದೆ ಎಂದಾದ ಮೇಲೆ ಕಾಲೆಳೆಯುವ ಉಮೇದು ತಗ್ಗುತ್ತದೆ. ಬರ್ನ್ಸ್‌ವಿಲ್ ಎಂಬ ಊರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು, 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಬ್ಲೂಮಿಂಗ್‌ಟನ್‌ನ ಆ ಹಳೆಯ ಕ್ರೀಡಾಂಗಣ ಇದ್ದ ಜಾಗದಲ್ಲಿ 1992ರಲ್ಲಿ ಮಾಲ್ ಆಫ್ ಅಮೆರಿಕ ತೆರೆಯಿತು. ಆ ಊರು ನಿಧಿಗೆ ದೊಡ್ಡ ಮೊತ್ತ ಕೊಡುವವರ ಸಾಲಿನಲ್ಲಿದೆ. ಕೊಡುವ ಊರುಗಳ ಗೊಣಗಾಟ ಇಂದಿಗೂ ನಿಂತಿಲ್ಲ, ಕಾಯ್ದೆಯೂ ಬಿದ್ದಿಲ್ಲ. ನನ್ನ ಒಂದು ಅಸಮಾಧಾನ ಇಷ್ಟೇ: ಪರಿಷತ್ತಿನ 17 ಸದಸ್ಯರನ್ನು ನೇಮಿಸುವುದು ರಾಜ್ಯಪಾಲರು, ಜನ ಅವರನ್ನು ಚುನಾಯಿಸುವುದಿಲ್ಲ. ಕೊಳಚೆಯ ಶುಲ್ಕ ಕಟ್ಟುವವರಿಗೆ ಕೊಳಚೆಯ ಬಗ್ಗೆ ನಿರ್ಧರಿಸುವವರನ್ನು ಬದಲಿಸುವ ಹಕ್ಕು ಇರಬೇಕು.

ಜರ್ಮನಿಯ ರೂರ್ ಪ್ರದೇಶ ಈ ಎಲ್ಲವನ್ನೂ ಇನ್ನೂ ಹೆಚ್ಚು ಕಷ್ಟಪಟ್ಟು ಕಲಿತಿದೆ. ಕಲ್ಲಿದ್ದಲು ಮತ್ತು ಉಕ್ಕಿನ ಬಲದಿಂದ ಎಸೆನ್, ಡಾರ್ಟ್‌ಮುಂಡ್, ಬೋಹುಮ್, ಗೆಲ್ಸೆನ್‌ಕಿರ್ಹೆನ್‌ಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆದವು. ಎಲ್ಲರ ಕೊಳಚೆಯೂ ಎಮ್ಶರ್ ಎಂಬ ಸಣ್ಣ ನದಿಗೆ. ಗಣಿಗಳಿಂದ ನೆಲ ಕುಸಿಯುತ್ತಿದ್ದುದರಿಂದ ಹರಿವು ನಿಂತು ಊರುಗಳ ನಡುವೆಯೇ ಗಲೀಜು ಮಡುಗಟ್ಟುತ್ತಿತ್ತು. 1899ರ ಡಿಸೆಂಬರಿನಲ್ಲಿ ನಗರಗಳು, ಗಣಿಗಳು, ಕಾರ್ಖಾನೆಗಳು ಸೇರಿ ಎಮ್ಶರ್ ಸಹಕಾರ ಸಂಘ ಕಟ್ಟಿಕೊಂಡವು. ನೆಲದೊಳಗೆ ಹೂಳಿದ ಕೊಳವೆ ಕುಸಿತಕ್ಕೆ ಒಡೆಯುತ್ತದೆಂದು, ನದಿಯನ್ನೇ ನೇರಗೊಳಿಸಿ, ಕಾಂಕ್ರೀಟ್ ಹಾಸಿ, ಬಯಲು ಚರಂಡಿಯನ್ನಾಗಿ ಮಾಡಿದರು. ರೋಗ ತಗ್ಗಿತು, ನದಿ ಸತ್ತಿತು. ಮೂರು ತಲೆಮಾರು ಆ ವಾಸನೆಯ ಪಕ್ಕದಲ್ಲಿ ಬಾಳಿದವು. ಅದಕ್ಕೆ ತಾಗಿಕೊಂಡಿದ್ದ ಮನೆಗಳು ಯಾರವು ಎಂದು ಕೇಳಬೇಕಾಗಿಲ್ಲ, ಗಣಿಯಲ್ಲಿ ದುಡಿದವರವು.

ಗಣಿಗಳು ಉತ್ತರಕ್ಕೆ ಸರಿದು ನೆಲ ನಿಂತ ಮೇಲೆ, 1992ರಿಂದ, ಅದೇ ಸಂಘ ನದಿಯನ್ನು ಮರಳಿ ಪಡೆಯುವ ಕೆಲಸಕ್ಕಿಳಿಯಿತು. ಐನೂರು ಕೋಟಿ ಯೂರೋಗಿಂತ ಹೆಚ್ಚು ಖರ್ಚು, 51 ಕಿಲೋಮೀಟರು ಉದ್ದದ ಭೂಗತ ಕೊಳಚೆ ಕಾಲುವೆ. 2021ರ ಕೊನೆಯಿಂದ ಎಮ್ಶರ್‌ಗೆ ಕೊಳಚೆ ಬೀಳುತ್ತಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಇವತ್ತಿಗೂ ಒಬ್ಬರನ್ನೊಬ್ಬರು ಹಂಗಿಸಿ ಹಾಡುವ ಊರುಗಳು ಮೂವತ್ತು ವರ್ಷ ಒಂದೇ ಕಾಮಗಾರಿಗೆ ಹಣ ಹಾಕಿದವು ಎಂಬುದು ನನಗೆ ಈ ಇಡೀ ಓದಿನಲ್ಲಿ ಸಿಕ್ಕ ದೊಡ್ಡ ಸಮಾಧಾನ.

ಅಲ್ಲಿ ಇನ್ನೊಂದು ಹೆಜ್ಜೆಯೂ ಆಗಿದೆ. 1920ರಲ್ಲಿ ಹುಟ್ಟಿದ ಪ್ರಾದೇಶಿಕ ಒಕ್ಕೂಟದ ಸಭೆಗೆ ನೂರು ವರ್ಷ ನಗರಸಭೆಗಳೇ ಸದಸ್ಯರನ್ನು ಕಳಿಸುತ್ತಿದ್ದವು. 2020ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ 53 ಪೌರಾಡಳಿತಗಳ ಮತದಾರರು ನೇರವಾಗಿ ಅದನ್ನು ಆರಿಸಿದರು. ಬೋಹುಮ್‌ನಲ್ಲಿ ಮನೆ, ಎಸೆನ್‌ನಲ್ಲಿ ಕೆಲಸ ಇರುವವರಿಗೆ ಎರಡೂ ಊರುಗಳನ್ನು ಒಟ್ಟಾಗಿ ನೋಡುವ ಪ್ರತಿನಿಧಿ ಸಿಕ್ಕಿದ್ದಾರೆ. ಭೂಬಳಕೆಯ ಯೋಜನೆ, ಹಸಿರು ಪಟ್ಟಿಗಳು ಆ ಸಭೆಯ ಕೈಯಲ್ಲಿವೆ. ಉದ್ಯಮಗಳ ಮೇಲಿನ ತೆರಿಗೆಯ ದರವನ್ನು ಮಾತ್ರ ಈಗಲೂ ಪ್ರತಿಯೊಂದು ಊರೂ ತಾನೇ ಗೊತ್ತುಮಾಡುತ್ತದೆ, ಕಡಿಮೆ ದರ ತೋರಿಸಿ ನೆರೆಯೂರಿನ ಕಂಪನಿಯನ್ನು ಕರೆಯುವ ಬಾಗಿಲು ತೆರೆದೇ ಇದೆ. ಚುನಾಯಿತ ಸಭೆ ಮುಂದೆ ಕೈ ಹಾಕಬೇಕಾದದ್ದು ಅಲ್ಲಿಗೆ.